ನೀರು ನಿಲ್ಲಿಸುವವರು

ಕಕ್ಕೇರಾ
14-11-1994

ತಮ್ಮ ದೇವಿಂದ್ರನಿಗೆ ಅಕ್ಕ ಮೋನಮ್ಮನ ಆಶೀರ್ವಾದ. ಇಲ್ಲಿ ನಾನು, ತಿಂಥಣಿಯಲ್ಲಿ ಅವ್ವ, ಇಬ್ಬರೂ ಗಟ್ಟಿಯಾಗಿದ್ದೇವೆ. ನೀನೂ ನಿನ್ನ ಹೆಂಡತಿ ಸುಗಲಮ್ಮನೂ ಹಾಗೇ ಇರಬೇಕು.

ಅಪ್ಪ ಬಂದು ಮುಟ್ಟಿದನೋ ಇಲ್ಲವೋ, ಒಂದು ಸಾಲು ಬರೆಯಲು ನಿನಗೇನು ಕೈ ನೋವೇ? ಸುರಪುರದಲ್ಲಿ ಅವನನ್ನು ಬಸ್ಸು ಹತ್ತಿಸಿದವಳು ನಾನು. ಅರವತ್ತು ದಾಟಿದ ಮುದುಕ, ಸುರಪುರದ ಆಚೆ ಒಬ್ಬನೇ ಹೋದವನಲ್ಲ. ಕಿಟಕಿಯಿಂದ ತಲೆ ಹಾಕಿ, "ತುಂಬಿದ ಕೃಷ್ಣಿ ಈಜಿದಾಂವ ಅದೀನಿ, ಬಸ್ಸಿನ್ಯಾಗ ಮುಳುಗ್ತೀನೇನು?" ಎಂದು ನನ್ನನ್ನೇ ಗೇಲಿ ಮಾಡಿದ. ಬಸ್ಸು ಹೋದ ಮೇಲೆ ನಾನು ಅಲ್ಲೇ ನಿಂತು ಅತ್ತೆ. ಇದನ್ನು ಅವನಿಗೆ ಹೇಳಬೇಡ, ಹಲ್ಲು ಕಿರಿಯುತ್ತಾನೆ.

ಹೋಗಿದ್ದು ಒಳ್ಳೆಯದೇ ಆಯಿತು. ಡ್ಯಾಮು, ಕಾಲುವೆ ಬಂದ ಮೇಲೆ ಹೊಲ ಇದ್ದವರಿಗೆ ನೀರು ಬಂತು, ನಮ್ಮಂಥ ಮೀನು ಹಿಡಿಯುವವರ ಹೊಳೆ ಹೋಯಿತು. ಹೊಳೆಯ ಮೀನಿನ ಟೆಂಡರು ಹಿಡಿದವನ ಆಳುಗಳು ದಂಡೆಯ ಮೇಲೆ ನಿಂತು ಕೂಗಿ ಓಡಿಸುವುದನ್ನು ಎಷ್ಟು ವರ್ಷ ಅಂತ ಸಹಿಸುವುದು? ಅಪ್ಪನ ಹರಿಗೋಲನ್ನೂ ಅವರೇ ಎಳೆದುಕೊಂಡು ಹೋದರು.

ಎಮ್ಮೆ ಈದ ಮೇಲೆ ಅದನ್ನು ಮಾರಿ, ಎಳ್ಳಮವಾಸ್ಯೆ ಮುಗಿಸಿ ಅವ್ವನೂ ಬರುತ್ತಾಳೆ. ಈಗ ಅವಳದು ದಿನಕ್ಕೊಂದು ಪ್ರಶ್ನೆ. ಅಲ್ಲಿ ಜೋಳ ಸಿಗುತ್ತದೆಯೇ? ಕುಡಿಯುವ ನೀರು ಎಲ್ಲಿಯದು? ನೆರೆಹೊರೆಯವರು ಎಂಥವರು? ನನಗೇನು ಗೊತ್ತು? ನಾನು ಸಮುದ್ರ ನೋಡಿದ್ದು ನಾನು ಕೆಲಸ ಮಾಡುವ ಅಂಗನವಾಡಿಯ ಗೋಡೆಯ ಚಿತ್ರದಲ್ಲಿ. ಆ ಊರಿಗೆ ಬರುವವರು ಮೊದಲೇ ಏನೇನು ತಿಳಿದಿರಬೇಕು, ಎಲ್ಲಾ ಬಿಡಿಸಿ ಬರಿ. ನಾನು ಅವ್ವನಿಗೆ ಓದಿ ಹೇಳುತ್ತೇನೆ.

ನಿನ್ನ ಅಕ್ಕ,
ಮೋನಮ್ಮ


ಮರಳಕೋಡಿ
24-11-1994

ಅಕ್ಕನಿಗೆ ದೇವಿಂದ್ರನ ನಮಸ್ಕಾರಗಳು.

ಅಪ್ಪ ಬಂದಿದ್ದಾನೆ, ಚೆನ್ನಾಗಿದ್ದಾನೆ, ನಮ್ಮನ್ನು ಚೆನ್ನಾಗಿರಲು ಬಿಡುತ್ತಿಲ್ಲ. ಬಸ್ಸಿನಿಂದ ಇಳಿದವನು ನನ್ನನ್ನು ಮಾತಾಡಿಸುವ ಮೊದಲು "ನೀರು ಎಲ್ಲೈತೋ?" ಎಂದ. ಹೋಗಿ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ, ಥೂ ಎಂದು ಉಗುಳಿದ. "ಇಷ್ಟು ನೀರು ಇಟ್ಕೊಂಡು ಒಂದು ಗುಟುಕು ಕುಡ್ಯಾಕ ಬರಂಗಿಲ್ಲ. ಎಂಥಾ ಜಿಪುಣರ ಊರೋ ಇದು!" ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದವರೆಲ್ಲ ನಕ್ಕರು. ಅಲ್ಲಿಂದ ಇಡೀ ಬಂದರಿಗೆ ಅವನು ಗುರುತು.

ಅವ್ವ ತಿಳಿಯಬೇಕಾದ್ದನ್ನೆಲ್ಲ ಬರೆಯುತ್ತೇನೆ, ನಿಧಾನವಾಗಿ ಓದಿ ಹೇಳು. ಜೋಳ ಸಂತೆಯಲ್ಲಿ ಸಿಗುತ್ತದೆ, ಆದರೆ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟಿದರೆ ಒಡೆಯುತ್ತದೆ. ಹೊರುವಷ್ಟು ಜೋಳ ತರಲಿ. ಇವರ ಅಕ್ಕಿ ಕೆಂಪು, ದಪ್ಪ. ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ಅದೇ ರುಚಿಯಾಗುತ್ತದೆ. ಕುಡಿಯಲು ಬಾವಿ ನೀರು, ಬೇಸಿಗೆಯ ಕೊನೆಗೆ ಸ್ವಲ್ಪ ಉಪ್ಪಾಗುತ್ತದೆ. ಕಬ್ಬಿಣದ ಹಂಚು, ಕುಡುಗೋಲು ಎಲ್ಲಾ ತುಕ್ಕು ಹಿಡಿಯುತ್ತವೆ, ಎಣ್ಣೆ ಸವರಿ ಇಡಬೇಕು. ಕಂಬಳಿ ಬೇಡ, ಇಲ್ಲಿ ಚಳಿಯೇ ಇಲ್ಲ. ಮಳೆಗಾಲ ಬಂದರೆ ಬಟ್ಟೆ ವಾರವಾದರೂ ಒಣಗುವುದಿಲ್ಲ.

ಜನ ಒಳ್ಳೆಯವರು. ನಮ್ಮನ್ನು ಘಟ್ಟದವರು ಎನ್ನುತ್ತಾರೆ. ನಾವು ಮಾತಾಡಿದರೆ ಜಗಳ ಅಂದುಕೊಳ್ಳುತ್ತಾರೆ, ಅದಕ್ಕೆ ಅವ್ವ ಸ್ವಲ್ಪ ದನಿ ಇಳಿಸಬೇಕು. ಅದು ಆಗದ ಮಾತು ಅಂತ ನನಗೂ ಗೊತ್ತು.

ನಮ್ಮ ಮನೆ ಅಳಿವೆಯ ಬಾಯಲ್ಲೇ ಇದೆ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಜಾಗ. ಬಾಗಿಲಿಗೆ ಬಂದರೆ ನೀರೇ. ನಾನು ದೋಣಿಯಲ್ಲಿ ಹೋದರೆ ನಾಲ್ಕಾರು ದಿನ ಬರುವುದಿಲ್ಲ, ಸುಗಲಮ್ಮ ಮೀನು ಒಣಹಾಕುವ ಕೆಲಸಕ್ಕೆ ಹೋಗುತ್ತಾಳೆ. ಅಪ್ಪನಿಗೆ ಜೊತೆ ಬೇಕು. ಬಾಯಲ್ಲಿ ಹೇಳುವುದಿಲ್ಲ, ಆದರೆ ನಿನ್ನೆ ಸಾರು ಉಣ್ಣುವಾಗ "ನಿಮ್ಮವ್ವ ಇದ್ದಿದ್ರ ಇದಕ್ಕ ಎರಡು ಮಾತು ಅಂತಿದ್ಲು" ಎಂದ. ಬೇಗ ಕಳಿಸು.

ನಿನ್ನ ತಮ್ಮ,
ದೇವಿಂದ್ರ


ಕಕ್ಕೇರಾ
5-12-1994

ದೇವ್ಯಾ,

ನಿನ್ನ ಕಾಗದವನ್ನು ಅವ್ವ ಮೂರು ಸಲ ಓದಿಸಿದಳು. ದನಿ ಇಳಿಸಬೇಕು ಅನ್ನುವುದನ್ನು ಕೇಳಿ ಇಡೀ ಓಣಿಗೆ ಕೇಳುವಂತೆ, "ನಾ ಯಾವಾಗ ಜೋರ್ ಮಾತಾಡೀನಿ?" ಎಂದಳು. ಸಾರಿನ ಮಾತು ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡು ಎಮ್ಮೆಗೆ ನೀರು ಇಡಲು ಹೋದಳು.

ಎಮ್ಮೆ ಈದಿದೆ, ಹೆಣ್ಣುಗರು. ಅವ್ವನ ಪಕ್ಕದ ಮನೆಯ ಅಂಬವ್ವ ಕರು ಸಮೇತ ಕೊಳ್ಳುತ್ತಾಳೆ. ಅವ್ವ ಈಗಲೇ ಜೋಳ ಹಸನು ಮಾಡಿ ಚೀಲ ಕಟ್ಟಿದ್ದಾಳೆ. ಖಾರದಪುಡಿ, ಅಗಸಿ ಹಿಂಡಿ, ಅಪ್ಪನ ತಂಬಾಕು, ಎಲ್ಲಾ ತಯಾರು. ಕಂಬಳಿ ಬೇಡ ಎಂದು ನೀನು ಬರೆದದ್ದು ಅವಳ ಕಿವಿಗೆ ಬೀಳಲೇ ಇಲ್ಲ, ಅದನ್ನೂ ಕಟ್ಟಿದ್ದಾಳೆ. ಅಪ್ಪ ಅಲ್ಲಿ ಏನು ಮಾಡುತ್ತಾನೆ, ಯಾರ ಜೊತೆ ಜಗಳ ತೆಗೆದ, ಅದನ್ನೂ ಬರಿ. ನಿನ್ನ ಉಪ್ಪುನೀರಿಗಿಂತ ನಮಗೆ ಅದು ಮುಖ್ಯ.

ಮೋನಮ್ಮ


ಮರಳಕೋಡಿ
28-12-1994

ಅಕ್ಕನಿಗೆ,

ಕಾಗದ ಬರೆಯಲು ತಡವಾಯಿತು. ಕೆಲಸ ಹೆಚ್ಚು.

ಅವ್ವ ಬರುವುದರ ಬಗ್ಗೆ ನಾನು ಮೊದಲು ಬರೆದದ್ದರಲ್ಲಿ ಕೆಲವು ಬಿಟ್ಟುಹೋಗಿವೆ. ಇಲ್ಲಿನ ಹವೆ ವಯಸ್ಸಾದವರಿಗೆ ಆಗುವುದಿಲ್ಲ. ಮೈಯೆಲ್ಲ ಬೆವರು, ಕೀಲು ಹಿಡಿಯುತ್ತವೆ. ಹಾವು ಬಹಳ. ಬಾವಿ ದೂರ, ಹಾದಿ ಜಾರುತ್ತದೆ. ಒಣಮೀನಿನ ವಾಸನೆಗೆ ಊಟ ಸೇರುವುದಿಲ್ಲ. ಮನೆ ಸಣ್ಣದು. ಮನೆಯ ಮಾಲೀಕರು ಬಿಡು ಎನ್ನುತ್ತಿದ್ದಾರೆ, ಬೇರೆ ಮನೆ ಸಿಗುವುದು ಕಷ್ಟ, ಘಟ್ಟದವರು ಎಂದರೆ ಬಾಡಿಗೆಗೆ ಕೊಡುವುದಿಲ್ಲ. ಮಳೆಗಾಲದಲ್ಲಿ ದೋಣಿ ನಿಂತುಬಿಡುತ್ತದೆ, ನಾನೇ ಊರಿಗೆ ಬರಬೇಕೆಂದಿದ್ದೇನೆ.

ಎಮ್ಮೆ ಮಾರಬೇಡಿ. ಅವ್ವ ಅಲ್ಲೇ ಇರಲಿ.

ಅಪ್ಪ ಚೆನ್ನಾಗಿದ್ದಾನೆ.

ದೇವಿಂದ್ರ


ಕಕ್ಕೇರಾ
9-1-1995

ದೇವಿಂದ್ರನಿಗೆ,

ಒಂದೇ ತಿಂಗಳಲ್ಲಿ ಆ ಊರಿಗೆ ಹಾವೂ ಬಂದವು, ಬಾವಿಯೂ ದೂರ ಹೋಯಿತು, ಒಳ್ಳೆಯ ಜನರೂ ಕೆಟ್ಟರು. ಸೋಜಿಗದ ಊರು!

ನಾನು ಸುತ್ತಿಬಳಸಿ ಮಾತಾಡುವವಳಲ್ಲ. ಅತ್ತೆ ಬರುವುದು ಸುಗಲಮ್ಮನಿಗೆ ಬೇಡವಾಗಿದೆ. ಮಾವನನ್ನು ಸಂಭಾಳಿಸಿ ಸಾಕಾಗಿರಬೇಕು, ಈಗ ಅತ್ತೆಯೂ ಬಂದರೆ ಎಂದು ನಿನ್ನ ಕಿವಿ ಊದಿದ್ದಾಳೆ. ನೀನು ಹೂಂ ಎಂದು ಹಾವು ಚೇಳು ಬರೆದಿದ್ದೀಯ. ಎಮ್ಮೆ ಮಾರಿ ಆಗಿದೆ. ಅಂಬವ್ವನ ಕೊಟ್ಟಿಗೆಯಲ್ಲಿ ಅದು ಕೂಗಿದರೆ ಅವ್ವ ಈಚೆ ಎದ್ದು ಕೂರುತ್ತಾಳೆ. ಖಾಲಿ ಕೊಟ್ಟಿಗೆ, ಕಟ್ಟಿದ ಚೀಲ, ನಡುವೆ ಅವಳು.

ನಿನ್ನ ಕಾಗದವನ್ನು ನೀನು ಬರೆದಂತೆ ಅವ್ವನಿಗೆ ಓದಲಿಲ್ಲ. "ಮನೆ ದುರಸ್ತಿ ನಡೆದೈತಿ, ಸ್ವಲ್ಪ ತಡ ಮಾಡ್ರಿ ಅಂದಾನ" ಎಂದು ಸುಳ್ಳು ಓದಿದೆ. ಎಳ್ಳಮವಾಸ್ಯೆಯ ದಿನ ಅಂಬವ್ವನ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದೆವು. ಅವ್ವ ಅಪ್ಪನ ಹೆಸರಿನಲ್ಲಿ ಒಂದು ಸಜ್ಜೆ ರೊಟ್ಟಿ ಎತ್ತಿಟ್ಟಳು. ಅಪ್ಪ ಹೇಳಿದಂತೆ ಎರಡು ಸಾಲು ಬರೆದು ಕಳಿಸು. ರುಜು ಹಾಕಲು ಬರುತ್ತದಲ್ಲ, ಅಷ್ಟಾದರೂ ಹಾಕಲಿ.

ಮೋನಮ್ಮ


ಮರಳಕೋಡಿ
20-1-1995

ಅಕ್ಕ,

ಸುಗಲಮ್ಮನನ್ನು ಬೈಯಬೇಡ. ಅವಳು ಎರಡು ಹೊತ್ತು ಉಣ್ಣುತ್ತಿಲ್ಲ. ಕಾರಣ ಕೇಳಬೇಡ. ಅವ್ವ ಬರುವುದು ಬೇಡ, ಇಷ್ಟು ನಡೆಸಿಕೊಡು. ಬೇಸಿಗೆಗೆ ನಾನೇ ಬಂದು ಎಲ್ಲಾ ಹೇಳುತ್ತೇನೆ.

ದೇವಿಂದ್ರ


ಕಕ್ಕೇರಾ
6-2-1995

ದೇವಿಂದ್ರ,

ನಿಮ್ಮ ಬಂದರಿನಲ್ಲಿ ಐಸ್ ಹೊಡೆಯುವ ಕೆಲಸ ಮಾಡುವ ನಮ್ಮೂರಿನ ಮೌಲಾಲಿ ರಂಜಾನ್ ತಿಂಗಳಿಗೆಂದು ಬಂದಿದ್ದಾನೆ. ಮೊನ್ನೆ ಸಂತೆಯಲ್ಲಿ ನನ್ನನ್ನು ನೋಡಿ ರಸ್ತೆ ದಾಟಿ ಆಚೆ ಹೋದ. ನಾನು ಬಿಡುತ್ತೇನೆಯೇ? ಅಡ್ಡ ನಿಂತು "ನಮ್ಮಪ್ಪ ಹೆಂಗದಾನೋ?" ಎಂದೆ. ಅವನು ಹಿಡಿದ ಚೀಲ ನೋಡುತ್ತ, "ದೇವಿಂದ್ರ ಬರೆದಿಲ್ಲೇನ್ರಿ ಅಕ್ಕಾರ?" ಎಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ.

ಈಗ ಹೇಳು. ಮನೆಗೆ ಬರೆಯಬೇಡ, ಅವ್ವ ಇಲ್ಲಿಗೆ ಬಂದು ಕೂತಿದ್ದಾಳೆ. ಅಂಗನವಾಡಿಯ ವಿಳಾಸಕ್ಕೆ ಬರಿ.

ಮೋನಮ್ಮ


ಮರಳಕೋಡಿ
15-2-1995

ಅಕ್ಕ,

ಕುಳಿತುಕೊಂಡು ಓದು.

ಅಪ್ಪ ಇಲ್ಲ. ಡಿಸೆಂಬರ್ ಅಮಾವಾಸ್ಯೆಯ ದಿನ ಹೋದ. ನೀನು ಎಮ್ಮೆ ಈದ ಸುದ್ದಿ ಬರೆಯುವಾಗಲೇ ಅವನಿರಲಿಲ್ಲ.

ಸಮುದ್ರದ ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಳಿವೆಯಲ್ಲಿ ಇಳಿದರೆ ನಡುವೆ ಮರಳದಿಬ್ಬ ಏಳುತ್ತದೆ, ನಡೆದು ಹೋಗಬಹುದು. ಅಮಾವಾಸ್ಯೆ, ಹುಣ್ಣಿಮೆಗೆ ಬಹಳ ದೂರ ಇಳಿಯುತ್ತದೆ, ಅಷ್ಟೇ ಜೋರಾಗಿ ತಿರುಗಿ ಬರುತ್ತದೆ. ಇಲ್ಲಿನ ಕೂಸುಗಳಿಗೂ ಇದು ಗೊತ್ತು. ಮೂರು ವರ್ಷದಲ್ಲಿ ನನಗೂ ಎಷ್ಟು ರೂಢಿಯಾಗಿತ್ತೆಂದರೆ, ಇದನ್ನು ಹೇಳಬೇಕು ಎಂದು ಹೊಳೆಯಲೇ ಇಲ್ಲ. ಜೋಳದ ಹಿಟ್ಟು ಬರೆದೆ, ಹಂಚಿನ ತುಕ್ಕು ಬರೆದೆ.

ನಾನು ದೋಣಿಯಲ್ಲಿದ್ದೆ. ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು ನೋಡಿದ್ದಾನೆ, ಹೊಳೆ ಬರಿದಾಗಿದೆ. ಸುಗಲಮ್ಮ ಕೆಲಸಕ್ಕೆ ಹೊರಟಿದ್ದಳು. "ಗೇಟ್ ಇಳಿಸ್ಯಾರ ನೋಡವ್ವಾ. ಇನ್ನ ಎಂಟು ದಿನ ನೀರು ಬರಂಗಿಲ್ಲ. ಬುಟ್ಟಿ ಕೊಡು" ಎಂದನಂತೆ. ಕಾಲುವೆ ಬಂದ್ ಆದಾಗ ನಾವೆಲ್ಲ ಬುಟ್ಟಿ ಹಿಡಿದು ಓಡುತ್ತಿದ್ದೆವಲ್ಲ, ಗುಂಡಿಗಳಲ್ಲಿ ಉಳಿದ ಮೀನು ಕೈಯಲ್ಲೇ ಹಿಡಿಯುತ್ತಿದ್ದೆವಲ್ಲ, ಹಾಗೇ. ಅವಳು ಮಾವ ಚೇಷ್ಟೆ ಮಾಡುತ್ತಿದ್ದಾನೆ ಎಂದು ನಕ್ಕು ಬುಟ್ಟಿ ಕೊಟ್ಟಳು.

ದಿಬ್ಬದ ಮೇಲೆ ಚಿಪ್ಪುಮೀನು ಆರಿಸುತ್ತ ದೂರ ಹೋಗಿದ್ದಾನೆ. ನೀರು ತಿರುಗುವ ಹೊತ್ತಿಗೆ ದಂಡೆಯ ಮೇಲೆ ಬಲೆ ಹೆಣೆಯುತ್ತಿದ್ದವರು ನೋಡಿದರು. ಎಲ್ಲರೂ ಎದ್ದು ಕೂಗಿದರು, ಟವೆಲ್ ಬೀಸಿದರು. ಅಕ್ಕ, ಅವನು ಅವರತ್ತ ನೋಡಿದ. ನೋಡಿ, ಬುಟ್ಟಿ ಬಗಲಿಗೆ ಹಾಕಿಕೊಂಡು ಇನ್ನೂ ಆಚೆ ನಡೆದ. ಅವರು ಕೂಗಿದಷ್ಟೂ ಬೇಗ ಬೇಗ ನಡೆದನಂತೆ. ಇಲ್ಲಿಯವರಿಗೆ ಇವತ್ತಿಗೂ ಅದು ಅರ್ಥವಾಗಿಲ್ಲ, "ಎಂತಕ್ಕೆ ಮಾರಾಯ, ಕರೆದರೆ ಓಡುವುದು ಎಂತಕ್ಕೆ?" ಎಂದು ನನ್ನನ್ನು ಕೇಳುತ್ತಾರೆ. ದಂಡೆಯ ಮೇಲೆ ನಿಂತು ಕೂಗುವವರು ನಮಗೆ ಯಾರು ಅಂತ ಅವರಿಗೆ ಹೇಗೆ ಹೇಳಲಿ? ಟೆಂಡರಿನ ಆಳುಗಳು ಎಂದುಕೊಂಡ. ಈ ಬುಟ್ಟಿಯನ್ನೂ ಕಿತ್ತುಕೊಳ್ಳುತ್ತಾರೆ ಎಂದುಕೊಂಡ.

ದೋಣಿ ಬಿಚ್ಚಿ ಹೋಗುವಷ್ಟರಲ್ಲಿ ಎರಡೂ ಕಡೆಯ ನೀರು ಕೂಡಿತ್ತು. ಈಜಿದ. ಬಹಳ ಹೊತ್ತು ಈಜಿದ ಎಂದರು. ಹೊಳೆಯಲ್ಲಿ ಈಜಿದಂತೆ ಹರಿವಿಗೆ ಓರೆಯಾಗಿ ದಂಡೆ ಹಿಡಿಯಲು ನೋಡಿದನಂತೆ, ಅದು ಸುಳಿ ತಿರುಗುವ ಜಾಗ. ಹೆಣ ಸಿಗಲಿಲ್ಲ. ವಾರ ಹುಡುಕಿದೆವು. ಸುದ್ದಿ ತಿಳಿದು ನಾನು ದಂಡೆಗೆ ಬಂದಾಗ ಸುಗಲಮ್ಮ ಮೊಳಕಾಲು ನೀರಲ್ಲಿ ನಿಂತು "ಮಾವಾ" ಎಂದು ಕೂಗುತ್ತಿದ್ದಳು.

ಹೆಣ ಇಲ್ಲ, ಮಣ್ಣು ಮಾಡಲಿಲ್ಲ. ಏನೆಂದು ಬರೆಯಲಿ? ಸಿಕ್ಕ ಮೇಲೆ ಬರೆಯೋಣ ಎಂದು ಇವತ್ತು ನಾಳೆ ಎನ್ನುತ್ತ ಬಂದೆ. ಅವ್ವ ಬಂದು ಈ ನೀರು ನೋಡುವುದು ಬೇಡ ಎಂದು ಹಾವು ಬರೆದೆ. ನಿನಗೆ ತಿಳಿದಂತೆ ಮಾಡು.

ದೇವಿಂದ್ರ


ಕಕ್ಕೇರಾ
4-3-1995

ದೇವಿಂದ್ರ,

ಅಂಗನವಾಡಿಯಲ್ಲಿ ಕೂಸುಗಳು ಉಪ್ಪಿಟ್ಟು ತಿನ್ನುತ್ತಿದ್ದವು. ಓದಿ ಮುಗಿಸಿ ಅವಕ್ಕೆ ಕೈ ತೊಳೆಸಿದೆ. ಆಮೇಲೆ ಅಡುಗೆ ಕೋಣೆಗೆ ಹೋಗಿ ಕೂತೆ.

ನಿನ್ನ ಮೇಲೆ ನನಗೆ ಬಂದಿರುವ ಸಿಟ್ಟು ಈ ಜನ್ಮಕ್ಕೆ ಇಳಿಯುವಂಥದ್ದಲ್ಲ. ಅಪ್ಪ ಹೋದದ್ದಕ್ಕಲ್ಲ. ಎಳ್ಳಮವಾಸ್ಯೆಯ ದಿನ ಅವ್ವನ ಹಣೆಗೆ ಕುಂಕುಮ ಹಚ್ಚಿದವಳು ನಾನು. ಎರಡು ತಿಂಗಳು ಗಂಡನಿಲ್ಲದ ಹೆಂಗಸಿಗೆ ಗಂಡನ ಸುದ್ದಿ ಕಟ್ಟಿ ಕಟ್ಟಿ ಓದಿದವಳು ನಾನು. "ಅಪ್ಪ ಅಲ್ಲಿ ಹುಡುಗರಿಗೆ ಈಜು ಕಲಿಸ್ತಾನಂತ" ಎಂದು ಓದಿದ್ದೆ. ಆ ಮಾತು ನನ್ನ ಬಾಯಲ್ಲಿ ಇನ್ನೂ ಕಹಿಯಾಗಿದೆ.

ಅವತ್ತೇ ಅವ್ವನಿಗೆ ಹೇಳಿದೆ. ನೀನು ಬರೆದದ್ದನ್ನು ಬರೆದಂತೆ ಓದಿದೆ. ಅವಳು ಅಳಲಿಲ್ಲ. ಪೂರ್ತಿ ಕೇಳಿ, "ಹೆಣ ಸಿಕ್ಕಿಲ್ಲಾ?" ಎಂದಳು. ಇಲ್ಲ ಎಂದೆ. "ಮತ್ತ ನೀರು ನಿಲ್ಲಿಸಿಲ್ಲ ಅವ್ರು" ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಹೋದ ವರ್ಷ ಶಹಾಪುರದ ಕಡೆ ಕಾಲುವೆಗೆ ನಮ್ಮೂರಿನ ಮಸ್ತಾನಸಾಬನ ಮಗ ಬಿದ್ದಾಗ ಊರವರೆಲ್ಲ ಹೋಗಿ ಎಂಜಿನಿಯರ್ ಸಾಹೇಬರ ಕಾಲು ಹಿಡಿದರು, ಮೇಲಿನ ಗೇಟ್ ಇಳಿಸಿ ನೀರು ನಿಲ್ಲಿಸಿದರು, ಮರುದಿನ ಹುಡುಗನ ಹೆಣ ಸಿಕ್ಕಿತು. ಅವ್ವ ಹೇಳುವುದು ಅದನ್ನೇ. ಅದು ಸಮುದ್ರ, ಕಾಲುವೆಯಲ್ಲ ಎಂದೆ. "ನೀ ನೋಡೀಯೇನು?" ಎಂದಳು. ನಾನು ನೋಡಿಲ್ಲ. "ದೇವ್ಯಾ ಸಣ್ಣಾಂವ, ಅವಂಗ ಸಾಹೇಬರ ಮುಂದ ನಿಂತು ಮಾತಾಡಾಕ ಬರಂಗಿಲ್ಲ. ನಾ ಹೋಗಿ ಕೇಳ್ತೀನಿ. ಗಂಡನ್ನ ನೀರಾಗ ಬಿಟ್ಟು ಬಳಿ ಹೆಂಗ ಒಡಕೊಳ್ಳಲಿ?"

ತಡೆದೆ, ಬೈದೆ, ಕಾಲಿಗೆ ಬಿದ್ದೆ. ಈ ಕಾಗದದ ಹಿಂದೆಯೇ ಮೌಲಾಲಿಯ ಜೊತೆ ಬರುತ್ತಾಳೆ. ಆ ಊರಿನ ಬಗ್ಗೆ ಹೇಳಬೇಕಾದ್ದನ್ನು ಈ ಸಲವಾದರೂ ನೀನೇ ಬಾಯಿಬಿಟ್ಟು ಹೇಳು.

ಮೋನಮ್ಮ


ಮರಳಕೋಡಿ
23-3-1995

ಅಕ್ಕನಿಗೆ,

ಅವ್ವ ಬಂದಳು. ಸುಗಲಮ್ಮ ಅವಳ ಕಾಲಿಗೆ ಬಿದ್ದು, "ಬುಟ್ಟಿ ನಾನ ಕೊಟ್ಟೆ ಅತ್ತಿ" ಎಂದು ಅತ್ತಳು. ಅವ್ವ ಅವಳ ತಲೆ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಮುಖವನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ, "ಈ ನೀರು ಯಾವ ಸಾಹೇಬರ ಕೈಯಾಗ ಐತಿ?" ಎಂದಳು. ಯಾರ ಕೈಯಲ್ಲೂ ಇಲ್ಲ ಎಂದು ಹೇಳುವ ಬದಲು ಬಂದರು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾರಾದರೂ ಹೇಳಿಯಾರು, ನಾನು ಪಾರಾದೇನು ಎಂದು. ಅವಳೇ ಹೇಳಿ ನನ್ನ ಕೈಯಿಂದ ಅರ್ಜಿ ಬರೆಸಿದಳು. ತಿಂಥಣಿಯ ಹುಲಗಪ್ಪನ ಹೆಂಡತಿ ದೇವಕಮ್ಮ, ಗಂಡನ ಹೆಣ ತೆಗೆಯುವ ಸಲುವಾಗಿ ಒಂದು ದಿನದ ಮಟ್ಟಿಗೆ ನೀರು ನಿಲ್ಲಿಸಬೇಕು. ಹೆಬ್ಬೆಟ್ಟು ಒತ್ತಿದಳು. ಗುಮಾಸ್ತ ಓದಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. ಶಿಕ್ಕಾ ಹೊಡೆದು, "ಆಯಿತಮ್ಮ, ನೋಡುವ" ಎಂದ. ಆ ಮುಖ ನೋಡಿ ಇಲ್ಲ ಎನ್ನಲು ಆಗಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ನನ್ನಂಥವನೇ ಅವನೂ.

ಅವತ್ತು ಮಧ್ಯಾಹ್ನ ನೀರು ಇಳಿಯಿತು. ಹುಣ್ಣಿಮೆ ಹತ್ತಿರವಿತ್ತು, ಬಹಳ ಇಳಿಯಿತು. ಅವ್ವ ಬಾಗಿಲಲ್ಲಿ ನಿಂತು ಕೂಗಿದಳು. "ದೇವ್ಯಾ! ನಿಲ್ಲಿಸಿದ್ರು ನೋಡೋ! ಸಾಹೇಬ ಪುಣ್ಯವಂತ! ಎದ್ದೇಳು, ನಿಮ್ಮಪ್ಪನ್ನ ಹುಡುಕೂಣು!" ಸೀರೆ ಎತ್ತಿ ಕಟ್ಟಿ ಓಡಿದಳು. ನಾನು ಅವಳ ಹಿಂದೆ ಓಡಿದೆ. ಮರಳಲ್ಲಿ ಅವಳು ಕೋಲಿನಿಂದ ಕೆದಕುತ್ತ, ಒಂದೊಂದು ಗುಂಡಿಯಲ್ಲೂ ಕೈ ಹಾಕಿ ತಡವುತ್ತ, ಅವನ ಹೆಸರು ಹೇಳದೆ "ಎಲ್ಲಿ ಅದೀರಿ, ಏ, ಎಲ್ಲಿ ಅದೀರಿ" ಎನ್ನುತ್ತಿದ್ದಳು. ನೀರು ತಿರುಗಿತು. ಎತ್ತಿಕೊಂಡು ಬಂದೆ, ನನ್ನ ಕೈ ಕಚ್ಚಿದಳು.

ಮರುದಿನ ಕಚೇರಿಗೆ ಹೋಗಿ ಜಗಳ ಮಾಡಿದಳು. "ಅರ್ಧಕ್ಕ ಬಿಟ್ಟಬಿಟ್ರಿ ನೀರು. ಇನ್ನೊಂದು ಸ್ವಲ್ಪ ತಡೀರಿ, ಸಿಗ್ತಾನ." ಆಮೇಲೆ ದಿನಾ ಅದೇ. ಇಳಿದರೆ ಸಾಹೇಬರಿಗೆ ಕೈಮುಗಿಯುವುದು, ಏರಿದರೆ ಬೈಯುವುದು. ಬಂದರಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನೋಡುತ್ತಾರೆ.

ನಿನ್ನೆ ನನಗೆ ತಡೆಯಲಾಗಲಿಲ್ಲ. ಕಚೇರಿಯ ಜಗಲಿಯ ಮೇಲೆ ಅವಳ ಪಕ್ಕ ಕೂತೆ. "ಅವ್ವಾ, ಇದನ್ನ ನಿಲ್ಲಿಸೋರು ಯಾರೂ ಇಲ್ಲ. ಗೇಟ್ ಇಲ್ಲ, ಸಾಹೇಬ ಇಲ್ಲ. ತಾನ ಇಳೀತದ, ತಾನ ಬರ್ತದ. ನಮ್ಮಪ್ಪ ಬರೂ ಮೊದಲ ನಾ ಇದನ್ನ ಹೇಳಬೇಕಿತ್ತು, ಹೇಳಲಿಲ್ಲ" ಎಂದೆ.

ನೀರು ಏರುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಊರಿಗೆ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ದನಿ ಎತ್ತಲಿಲ್ಲ ಅಕ್ಕ, ಈ ಊರಿನವರಂತೆ ಮೆಲ್ಲಗೆ ಕೇಳಿದಳು.

"ಕಾಲು ಹಿಡದು ಕೇಳಾಕ ಒಬ್ಬ ಮನಷಾ ಇಲ್ಲದ ಊರಿಗೆ, ನನ್ನ ಗಂಡನ್ನ ಯಾಕ ಕರಿಸಿದಿ?"

ದೇವಿಂದ್ರ